ರಿಬ್ಬನ್ ಟ್ವೀಟರ್ ಇದ್ದ ಮಾತ್ರಕ್ಕೆ ಸ್ಪೀಕರ್ ಒಳ್ಳೆಯದಾಗುತ್ತಾ? ಲಕ್ಷ ಸುರಿಯುವ ಮುನ್ನ ಇಷ್ಟು ತಿಳಿದಿರಲಿ

ದುಬಾರಿ ಸ್ಪೀಕರ್ ಮಾರುವ ಷೋರೂಮಿಗೆ ಹೋದರೆ ಮಾರಾಟಗಾರ ಮೊದಲು ಬೆರಳು ತೋರಿಸುವುದು ಪೆಟ್ಟಿಗೆಯ ಮೇಲ್ಭಾಗದ ಉದ್ದನೆಯ ಕಿಂಡಿಯತ್ತ. ಅದರೊಳಗೆ ನೆರಿಗೆ ನೆರಿಗೆಯಾದ ಅಲ್ಯೂಮಿನಿಯಂ ಪಟ್ಟಿ ಮಿನುಗುತ್ತಿರುತ್ತದೆ. 'ಇದು ರಿಬ್ಬನ್ ಟ್ವೀಟರ್ ಸಾರ್' ಎಂದರೆ ಅರ್ಧ ವ್ಯಾಪಾರ ಮುಗಿದಂತೆ. ಅಲ್ಲಿ ಕೇಳಿದಾಗ ತಂಬೂರಿಯ ನಾದ, ತಾಳದ ಝಣತ್ಕಾರ ಎಲ್ಲವೂ ಬೆರಗು ಹುಟ್ಟಿಸುತ್ತವೆ. ಆದರೆ ಮನೆಗೆ ತಂದು ವಾರ ಕಳೆಯುವಷ್ಟರಲ್ಲಿ ಕಿವಿ ಸೋತು ಹೋಗುತ್ತದೆ, ಒಂದು ಗಂಟೆ ಕೂತು ಕೇಳಲು ಆಗುವುದಿಲ್ಲ. ತಪ್ಪು ರಿಬ್ಬನ್ನಿನದ್ದೇ? ಬಹಳಷ್ಟು ಸಲ ಅಲ್ಲ. ಅದರ ಸುತ್ತ ಕಟ್ಟಿದ ಸ್ಪೀಕರಿನದ್ದು.

ಮೊದಲು ಈ ಪಟ್ಟಿ ಕೆಲಸ ಮಾಡುವ ಬಗೆ ನೋಡೋಣ. ಸಾಮಾನ್ಯ ಡೋಮ್ ಟ್ವೀಟರಿನಲ್ಲಿ ಗುಮ್ಮಟದಂಥ ಪೊರೆಗೆ ತಂತಿಯ ಸುರುಳಿ ಅಂಟಿರುತ್ತದೆ. ಸುರುಳಿ ಅಲುಗಿದರೆ ಪೊರೆ ಅಲುಗುತ್ತದೆ. ರಿಬ್ಬನ್ನಿನಲ್ಲಿ ಸುರುಳಿಯೇ ಇಲ್ಲ. ಅಯಸ್ಕಾಂತಗಳ ನಡುವೆ ತೂಗುಹಾಕಿದ ಪಟ್ಟಿಯಲ್ಲೇ ಕರೆಂಟ್ ಹರಿಯುತ್ತದೆ, ಪಟ್ಟಿಯೇ ಗಾಳಿಯನ್ನು ತಳ್ಳುತ್ತದೆ. ಇದು ಹೊಸ ಸಂಗತಿಯೇನಲ್ಲ. ಜರ್ಮನಿಯ ಸೀಮೆನ್ಸ್‌ನಲ್ಲಿ ವಾಲ್ಟರ್ ಶಾಟ್ಕಿ ಮತ್ತು ಎರ್ವಿನ್ ಗೆರ್ಲಾಕ್ 1920ರ ದಶಕದಲ್ಲೇ ಇದನ್ನು ರೂಪಿಸಿದ್ದರು.

ಲಾಭ ಎಲ್ಲಿದೆ ಎಂದು ಲೆಕ್ಕ ಹಾಕಿ ನೋಡಿ. 70 ಮಿ.ಮೀ. ಉದ್ದ, 10 ಮಿ.ಮೀ. ಅಗಲ, 10 ಮೈಕ್ರಾನ್ ದಪ್ಪದ ಅಲ್ಯೂಮಿನಿಯಂ ಪಟ್ಟಿಯ ತೂಕ ಸುಮಾರು 19 ಮಿಲಿಗ್ರಾಂ. ಸುರುಳಿ ಹೊತ್ತ ಒಂದು ಇಂಚಿನ ಡೋಮ್ ಇದರ ಹತ್ತಾರು ಪಟ್ಟು ತೂಗುತ್ತದೆ. ಆದರೆ ಅದೇ ಪಟ್ಟಿಯ ವಿದ್ಯುತ್ ರೋಧ ಕೇವಲ 0.02 ಓಮ್‌ನಷ್ಟು. ಆಂಪ್ಲಿಫೈಯರ್‌ಗೆ ಇದು ಹೆಚ್ಚುಕಡಿಮೆ ಶಾರ್ಟ್ ಸರ್ಕ್ಯೂಟ್ ಇದ್ದಂತೆ. ಅದಕ್ಕೇ ನಡುವೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ದುಬಾರಿ ರಿಬ್ಬನ್ನಿಗೂ ಅಗ್ಗದ ರಿಬ್ಬನ್ನಿಗೂ ಇರುವ ವ್ಯತ್ಯಾಸದಲ್ಲಿ ಒಂದು ಪಾಲು ಈ ಟ್ರಾನ್ಸ್‌ಫಾರ್ಮರ್ ಮತ್ತು ಅಯಸ್ಕಾಂತಗಳದ್ದು.

ಅಂದ ಹಾಗೆ, ರಿಬ್ಬನ್ ಎಂದು ಮಾರುವುದೆಲ್ಲ ರಿಬ್ಬನ್ ಅಲ್ಲ. ಪ್ಲಾಸ್ಟಿಕ್ ಹಾಳೆಯ ಮೇಲೆ ಲೋಹದ ಗೆರೆಗಳನ್ನು ಅಚ್ಚುಹಾಕಿದ್ದು ಪ್ಲೇನಾರ್. ಹಾಳೆಯನ್ನು ಅಕಾರ್ಡಿಯನ್‌ನಂತೆ ಮಡಚಿ ಗಾಳಿಯನ್ನು ಹಿಂಡುವುದು ಆಸ್ಕರ್ ಹೈಲ್ ಕಂಡುಹಿಡಿದ ಬೇರೆಯೇ ಬಗೆ. ಇವು ಕೆಟ್ಟವೇನಲ್ಲ, ಗುಣ ಮಾತ್ರ ಬೇರೆ.

ಅಸಲಿ ಸಮಸ್ಯೆ ವೂಫರ್ ಜತೆಗಿನ ನೆಂಟಸ್ತಿಕೆಯಲ್ಲಿ

ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದರೆ 3,000 ಹರ್ಟ್ಜ್‌ನ ಅಲೆಯ ಉದ್ದ 11.4 ಸೆಂ.ಮೀ. ಶಬ್ದ ಹೊಮ್ಮಿಸುವ ವಸ್ತು ಅಲೆಗಿಂತ ಚಿಕ್ಕದಾಗಿದ್ದರೆ ಶಬ್ದ ಎಲ್ಲ ಕಡೆ ಹರಡುತ್ತದೆ, ಅಲೆಯಷ್ಟೇ ದೊಡ್ಡದಾದರೆ ಟಾರ್ಚ್ ಬೆಳಕಿನಂತೆ ಮುಂದಕ್ಕೆ ಕಿರಿದಾಗುತ್ತದೆ. 6.5 ಇಂಚಿನ ವೂಫರ್‌ನಲ್ಲಿ ನಿಜವಾಗಿ ಅಲುಗುವ ಭಾಗದ ವ್ಯಾಸ ಸುಮಾರು 13 ಸೆಂ.ಮೀ. 2,600 ಹರ್ಟ್ಜ್ ಹೊತ್ತಿಗೆ ಅದರ ಶಬ್ದ ಕಿರಿದಾಗಿಬಿಟ್ಟಿರುತ್ತದೆ. ಅಲ್ಲಿಂದ ಮೇಲಿನ ಸ್ವರಗಳನ್ನು ಎತ್ತಿಕೊಳ್ಳುವ ರಿಬ್ಬನ್ ಬರೀ ಒಂದು ಸೆಂ.ಮೀ. ಅಗಲ. ಅದು ಅಕ್ಕಪಕ್ಕದ ಗೋಡೆಗಳಿಗೆಲ್ಲ ಶಬ್ದ ಚೆಲ್ಲುತ್ತದೆ.

ನೇರ ಎದುರು ಮೈಕ್ ಇಟ್ಟು ಅಳೆದರೆ ಗ್ರಾಫ್ ಗೆರೆ ಎಳೆದಂತೆ ಸಪಾಟಾಗಿ ಬರಬಹುದು. ಆದರೆ ಕೋಣೆಯಲ್ಲಿ ಕಿವಿಗೆ ಬೀಳುವುದು ನೇರ ಶಬ್ದ ಮಾತ್ರವಲ್ಲ, ಗೋಡೆಗೆ ಬಡಿದು ವಾಪಸ್ ಬಂದದ್ದೂ ಸೇರಿರುತ್ತದೆ. ಆ ವಾಪಸ್ ಬಂದ ಶಬ್ದದಲ್ಲಿ 3,000ದಿಂದ 5,000 ಹರ್ಟ್ಜ್ ಭಾಗ ಉಬ್ಬಿಕೊಂಡಿರುತ್ತದೆ. ಮನುಷ್ಯನ ಕಿವಿ ಅತಿ ಸೂಕ್ಷ್ಮವಾಗಿರುವುದೂ ಸರಿಸುಮಾರು ಅಲ್ಲೇ. ಪರದೆ, ಕಾರ್ಪೆಟ್ ಹಾಕಿದ ಷೋರೂಮಿನಲ್ಲಿ ಸೊಗಸಾಗಿದ್ದ ಸ್ಪೀಕರ್, ಟೈಲ್ಸ್ ನೆಲ ಮತ್ತು ಬರಿಗೋಡೆಯ ಫ್ಲ್ಯಾಟಿನಲ್ಲಿ ಚುಚ್ಚುವುದಕ್ಕೆ ಇದೂ ಒಂದು ಮುಖ್ಯ ಕಾರಣ.

ಹಾಗಾದರೆ ರಿಬ್ಬನ್ನಿಗೆ ಇನ್ನೂ ಕೆಳಗಿನ ಸ್ವರದಿಂದಲೇ ಕೆಲಸ ಕೊಡಬಹುದಲ್ಲ? ಅದೂ ಸುಲಭವಿಲ್ಲ. ಸ್ವರದ ಕಂಪನ ಅರ್ಧಕ್ಕಿಳಿದರೆ, ಅಷ್ಟೇ ಜೋರಿಗೆ ಪಟ್ಟಿ ನಾಲ್ಕು ಪಟ್ಟು ಅಲುಗಬೇಕು. ತೆಳು ಪಟ್ಟಿಗೆ ಅಷ್ಟು ಜಾಗವೂ ಇಲ್ಲ, ತ್ರಾಣವೂ ಇಲ್ಲ. ಶಬ್ದ ಒಡೆಯುತ್ತದೆ. ಬುದ್ಧಿವಂತ ವಿನ್ಯಾಸಕರು ಇಲ್ಲಿ ನಡುವೆ 10 ಸೆಂ.ಮೀ. ಆಸುಪಾಸಿನ ಮಿಡ್‌ರೇಂಜ್ ಡ್ರೈವರ್ ಇಟ್ಟು ಮೂರು ಪಾಲು ಮಾಡುತ್ತಾರೆ. ಅಥವಾ ರಿಬ್ಬನ್ನಿನ ಮುಂದೆ ತೆಳುವಾದ ಕಹಳೆಯಂಥ ಬಾಯಿ ಕೂರಿಸಿ ಹರಡುವಿಕೆಯನ್ನು ತಗ್ಗಿಸುತ್ತಾರೆ. ಬರೀ 6.5 ಇಂಚಿನ ವೂಫರ್, ಮೇಲೊಂದು ದುಬಾರಿ ರಿಬ್ಬನ್, ಇಷ್ಟೇ ಇರುವ ಸ್ಪೀಕರ್ ಕಂಡರೆ ಅನುಮಾನ ಪಡುವುದು ಒಳ್ಳೆಯದು. ಸರಿಯಾದ ಬಾಯಿ ಕಟ್ಟಿದ ಸಾಧಾರಣ ಡೋಮ್ ಇದನ್ನು ಸುಲಭವಾಗಿ ಹಿಂದೆ ಹಾಕಬಲ್ಲದು.

ಎದ್ದು ನಿಂತು ಕೇಳಿ

ಅಗಲದಲ್ಲಿ ಚಿಕ್ಕದಾದ ರಿಬ್ಬನ್ ಎತ್ತರದಲ್ಲಿ ಚಿಕ್ಕದಲ್ಲ. 10,000 ಹರ್ಟ್ಜ್‌ನ ಅಲೆ 3.4 ಸೆಂ.ಮೀ. ಮಾತ್ರ. 140 ಮಿ.ಮೀ. ಎತ್ತರದ ರಿಬ್ಬನ್ನಿನಿಂದ ಹೊರಟ ಈ ಸ್ವರ, ಸುಮಾರು 14 ಡಿಗ್ರಿ ಮೇಲಕ್ಕೆ ಹೋಗುವಷ್ಟರಲ್ಲಿ ಇಲ್ಲವೆನ್ನುವಷ್ಟು ಕುಗ್ಗುತ್ತದೆ. ಮೂರು ಮೀಟರ್ ದೂರದಲ್ಲಿ ಇದು ಬರೀ 75 ಸೆಂ.ಮೀ. ಎತ್ತರ. ಸೋಫಾದಿಂದ ಎದ್ದು ನಿಂತರೆ ತಾಳದ ಹೊಳಪು ಮಾಯ. 70 ಮಿ.ಮೀ. ರಿಬ್ಬನ್ನಿಗೆ ಇದೇ ಕೋನ 29 ಡಿಗ್ರಿ, ಅಷ್ಟು ತೊಂದರೆಯಿಲ್ಲ. ಇದು ಪೂರ್ತಿ ದೋಷವೂ ಅಲ್ಲ ಅನ್ನಿ, ನೆಲ ಮತ್ತು ತಾರಸಿಗೆ ಬಡಿದು ಬರುವ ಶಬ್ದ ಇದರಿಂದ ಕಡಿಮೆಯಾಗುತ್ತದೆ. ಒಬ್ಬರೇ ಒಂದೇ ಕುರ್ಚಿಯಲ್ಲಿ ಕೂತು ಕೇಳುವವರಿಗೆ ಅದೇ ವರ. ಮನೆಮಂದಿಯೆಲ್ಲ ಓಡಾಡುತ್ತ ಕೇಳುವ ಹಾಲ್‌ಗೆ ಹೊಂದುವುದು ಕಷ್ಟ.

ರಿಬ್ಬನ್ ಮತ್ತು ಕೆಳಗಿನ ಡ್ರೈವರ್‌ನ ನಡುಮಧ್ಯಗಳ ಅಂತರವನ್ನೂ ಟೇಪ್ ಹಿಡಿದು ನೋಡಬಹುದು. ಎರಡೂ ಕೈಬದಲಿಸುವ ಸ್ವರದ ಅಲೆಯುದ್ದಕ್ಕಿಂತ ಅಂತರ ಹೆಚ್ಚಾದಷ್ಟೂ, ತಲೆ ಸ್ವಲ್ಪ ಮೇಲೆ ಕೆಳಗೆ ಆದರೆ ದನಿಯ ಬಣ್ಣ ಬದಲಾಗುತ್ತದೆ.

ಕೊಳ್ಳುವವರು ಕೇಳಬೇಕಾದ್ದು ಪಕ್ಕದ ಕೋನಗಳ ಗ್ರಾಫ್. ಸಿಟಿಎ-2034 ಎಂಬ ಮಾನದಂಡದಲ್ಲಿ ಸ್ಪೀಕರ್ ಸುತ್ತ ಅಡ್ಡಕ್ಕೂ ಉದ್ದಕ್ಕೂ 10 ಡಿಗ್ರಿಗೊಮ್ಮೆ, ಒಟ್ಟು 70 ಅಳತೆ ತೆಗೆಯುತ್ತಾರೆ. ಅದರಲ್ಲಿ ಗೆರೆಗಳು ಒಂದರ ಕೆಳಗೊಂದು ನಯವಾಗಿ ಇಳಿಯುತ್ತಿದ್ದರೆ ವಿನ್ಯಾಸ ಸರಿಯಿದೆ ಎಂದರ್ಥ. 40,000 ಹರ್ಟ್ಜ್ ತನಕ ಹೋಗುತ್ತದೆ ಎಂಬ ಜಾಹೀರಾತಿಗೆ ಮರುಳಾಗಬೇಡಿ. ಪಿಯಾನೋದ ಕಟ್ಟಕಡೆಯ ಮನೆಯ ಮೂಲಸ್ವರವೇ 4,186 ಹರ್ಟ್ಜ್. ನಡುವಯಸ್ಸು ದಾಟಿದ ಅನೇಕರಿಗೆ 15,000ದ ಮೇಲೆ ಏನೂ ಕೇಳಿಸುವುದಿಲ್ಲ.

ಕಿವಿಯನ್ನೂ ಪೂರ್ತಿ ನಂಬುವಂತಿಲ್ಲ. ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅದೇ ಸ್ಪೀಕರುಗಳಿಗೆ ಪರದೆಯ ಹಿಂದಿದ್ದಾಗ ಸಿಕ್ಕ ಅಂಕವೇ ಬೇರೆ, ಕಣ್ಣಿಗೆ ಕಂಡಾಗ ಸಿಕ್ಕ ಅಂಕವೇ ಬೇರೆ. ಮಿನುಗುವ ಪಟ್ಟಿ ಕಣ್ಣೆದುರಿದ್ದರೆ ಕಿವಿ ತಾನಾಗಿ ತಲೆದೂಗುತ್ತದೆ. ಹಾಗಾಗಿ ಹೋಲಿಸುವಾಗ ಎರಡು ಜೋಡಿಗಳ ಮುಂದೆ ಒಂದು ತೆಳು ಬಟ್ಟೆ ಇಳಿಬಿಡಿ, ಎರಡರ ಜೋರನ್ನೂ ಸಮ ಮಾಡಿಸಿ. ಒಂದು ಡೆಸಿಬಲ್ ಹೆಚ್ಚಿದ್ದರೂ ಅದೇ ಚೆನ್ನಾಗಿದೆ ಅನ್ನಿಸುತ್ತದೆ. ನಿಮಗೆ ಬಾಯಿಪಾಠವಾಗಿರುವ ಧ್ವನಿಮುದ್ರಣವನ್ನೇ ಹಾಕಿಸಿ. ಹಾಡುಗಾರರ ಸಕಾರ ಸೀಟಿಯಂತಾಗುತ್ತಿದೆಯೇ, ಪಿಟೀಲಿನ ಮೇಲಿನ ಸ್ಥಾಯಿ ಪೆಟ್ಟಿಗೆಯಿಂದ ಬೇರೆಯಾಗಿ ತೇಲುತ್ತಿದೆಯೇ ಎಂಬುದನ್ನು ಗಮನಿಸಿ. ಕನಿಷ್ಠ ಅರ್ಧ ಗಂಟೆ ಕೂರಿ.

ಹಣ ಕೊಡುವ ಮುನ್ನ ಇನ್ನೊಂದು ಪ್ರಶ್ನೆ: ಪಟ್ಟಿ ಹರಿದರೆ ಬದಲಿ ಸಿಗುತ್ತದೆಯೇ, ಎಷ್ಟಕ್ಕೆ, ಯಾರು ಹಾಕಿಕೊಡುತ್ತಾರೆ? ಬಾಯಿಂದ ಜೋರಾಗಿ ಊದಿದರೂ ಕೆಡಬಹುದಾದ ವಸ್ತು ಇದು. ಮನೆಗೆಲಸದವರಿಗೆ ಆ ಕಿಂಡಿಯ ಹತ್ತಿರ ವ್ಯಾಕ್ಯೂಮ್ ಕ್ಲೀನರ್ ಒಯ್ಯಬೇಡಿ ಎಂದು ಮೊದಲ ದಿನವೇ ಹೇಳಿಬಿಡಿ.