ಪ್ರಸಾರಕ ಯಂತ್ರದ ಮೌನವೂ ಎಚ್ಚರಿಕೆಯೂ

1995ರಲ್ಲಿ ಭಾರತದಲ್ಲಿ ಆರಂಭವಾದ ಪೇಜರ್ ಸೇವೆಯು ಮೊಬೈಲ್ ಫೋನಿನ ಮುಂದೆ ನಿಲ್ಲಲಾರದೆ ಕೆಲವೇ ವರ್ಷಗಳಲ್ಲಿ ಕಣ್ಮರೆಯಾಯಿತು. ಆದರೂ ಅದರ ಪ್ರಸಾರಕ ಯಂತ್ರದ ಒಂದು ಸಮಸ್ಯೆ ಇಂದಿಗೂ ವಿಚಾರಾರ್ಹವಾದುದು.

ಸಾಮಾನ್ಯ ಪೇಜರ್ ಕೇಳಬಲ್ಲದು, ಮಾರುತ್ತರ ನೀಡಲಾರದು. ಡಂಗುರ ಸಾರುವವನಿಗಾದರೂ ಎದುರಿನ ಮುಖಗಳು ಕಾಣುವುವು. ಪ್ರಸಾರಕಕ್ಕೆ ಆ ಭಾಗ್ಯವೂ ಇಲ್ಲ. ಸಾವನದುರ್ಗದಂತಹ ಬಂಡೆಯ ನೆತ್ತಿಯಲ್ಲಿ ಅಂಥದೊಂದು ಯಂತ್ರವಿದೆಯೆಂದು ಭಾವಿಸೋಣ. ಸಿಡಿಲಿಗೆ ಆಂಟೆನಾ ಕೆಟ್ಟರೆ ಮಾಗಡಿಯ ವೈದ್ಯರಿಗೆ ಕಳುಹಿದ ಕರೆ ತಲುಪದು. ತಲುಪಲಿಲ್ಲವೆಂಬುದು ಕಳುಹಿದವರಿಗೂ ತಿಳಿಯದು. ರೋಗಿ ಮಾತ್ರ ಕಾಯುತ್ತಿರುವನು.

ಆದುದರಿಂದ ಯಂತ್ರವು ತನ್ನ ನಾಡಿಯನ್ನು ತಾನೇ ನೋಡಿಕೊಳ್ಳಬೇಕಾಯಿತು. ಆಂಟೆನಾದ ಕಡೆಗೆ ಹೋಗುವ ಶಕ್ತಿಯೆಷ್ಟು, ಅಲ್ಲಿಂದ ಹಿಂದಿರುಗುವ ಶಕ್ತಿಯೆಷ್ಟು ಎಂಬುದನ್ನು ಅದು ಅಳೆಯುತ್ತಿತ್ತು. ಹಿಂದಿರುಗುವುದು ಹೆಚ್ಚಿದರೆ ಆಂಟೆನಾವೋ ಅದರ ಕೇಬಲ್ಲೋ ಕೆಟ್ಟಿರಬೇಕು. ಆಗ ವರ್ಧಕವು ಸುಟ್ಟುಹೋಗದಂತೆ ಶಕ್ತಿಯನ್ನು ತಗ್ಗಿಸಿ, ದೂರವಾಣಿ ತಂತಿಯ ಮೂಲಕ ನಿಯಂತ್ರಣ ಕೇಂದ್ರಕ್ಕೆ ದೂರು ಕಳುಹಿಸುತ್ತಿತ್ತು. ಅತಿಯಾದ ಶಾಖ, ಕಡಿತಗೊಂಡ ವಿದ್ಯುತ್ತು, ಕದಲಿದ ಆವರ್ತನ ಇವೂ ಹೀಗೆಯೇ ವರದಿಯಾಗುತ್ತಿದ್ದವು. ದೂರು ಒಯ್ಯುವ ತಂತಿಯೇ ತುಂಡಾದರೆ? ಜಾಣ್ಮೆಯೆಲ್ಲ ಇರುವುದು ಇಲ್ಲಿಯೇ. ಕೇಂದ್ರವೇ ಆಗಾಗ ಯಂತ್ರದ ಕ್ಷೇಮವನ್ನು ವಿಚಾರಿಸುತ್ತಿತ್ತು. ಉತ್ತರ ಬಾರದಿರುವುದನ್ನೇ ದೋಷವೆಂದು ಪರಿಗಣಿಸಲಾಗುತ್ತಿತ್ತು.