ಇಂಗ್ಲಿಷ್ ಸಂಬಂಧಸೂಚಕ ಉಪವಾಕ್ಯಗಳಲ್ಲಿ ಮೋಡಲ್ ಕ್ರಿಯಾಪದಗಳು

ಇಂಗ್ಲಿಷ್ ವ್ಯಾಕರಣದಲ್ಲಿ ಸಂಬಂಧಸೂಚಕ ಉಪವಾಕ್ಯ ಎಂದರೆ ಒಂದು ನಾಮಪದದ ನಂತರ ಬಂದು ಅದನ್ನು ವಿಶೇಷಿಸುವ ಉಪವಾಕ್ಯ. ಇದು ಸಾಮಾನ್ಯವಾಗಿ ‘ಹೂ’, ‘ವಿಚ್’, ‘ದಟ್’, ‘ಹೂಸ್’, ‘ವೇರ್’ ಮುಂತಾದ ಪದಗಳಿಂದ ಆರಂಭವಾಗುತ್ತದೆ. ಸಾಮರ್ಥ್ಯ, ಅನುಮತಿ, ಸಾಧ್ಯತೆ, ಕರ್ತವ್ಯ, ನಿಷೇಧ ಮುಂತಾದ ಅರ್ಥಗಳನ್ನು ಸೂಚಿಸುವ ಸಹಾಯಕ ಕ್ರಿಯಾಪದಗಳನ್ನು ಮೋಡಲ್ ಕ್ರಿಯಾಪದಗಳೆನ್ನುತ್ತಾರೆ. ಇಂಗ್ಲಿಷಿನ ಪ್ರಧಾನ ಮೋಡಲ್‌ಗಳು ಒಂಬತ್ತು: ಕ್ಯಾನ್, ಕುಡ್, ಮೇ, ಮೈಟ್, ಶ್ಯಾಲ್, ಶುಡ್, ವಿಲ್, ವುಡ್ ಮತ್ತು ಮಸ್ಟ್. ಇಂಗ್ಲಿಷಿನಲ್ಲಿ ಇವು ಸಂಬಂಧಸೂಚಕ ಉಪವಾಕ್ಯದೊಳಗೆ ತಮ್ಮ ರೂಪವನ್ನು ಬದಲಿಸದೆ ನಿಲ್ಲುತ್ತವೆ. ಕನ್ನಡದಲ್ಲಿ ಅದೇ ಅರ್ಥವನ್ನು ‘ಮಾಡಬೇಕಾದ’, ‘ಮಾಡಬಹುದಾದ’, ‘ಮಾಡಬಾರದ’ ಎಂಬಂತಹ ಕೃದಂತ ರೂಪಗಳು ಹೇಳುತ್ತವೆ.

ಇಂಗ್ಲಿಷಿನಲ್ಲಿ ರಚನೆ

ಮೋಡಲ್ ಕ್ರಿಯಾಪದದ ನಂತರ ಮುಖ್ಯ ಕ್ರಿಯಾಪದದ ಮೂಲರೂಪ ಬರುತ್ತದೆ. ಕರ್ತೃ ಏಕವಚನದಲ್ಲಿದ್ದರೂ ಮೋಡಲ್‌ಗೆ ‘ಎಸ್’ ಸೇರುವುದಿಲ್ಲ. ಈ ನಿಯಮಗಳು ಉಪವಾಕ್ಯದಲ್ಲಿಯೂ ಹಾಗೆಯೇ ಅನ್ವಯಿಸುತ್ತವೆ.

ನಾಮಪದವು ಉಪವಾಕ್ಯದ ಕರ್ತೃವಾಗಿದ್ದರೆ ಮೋಡಲ್ ನೇರವಾಗಿ ಸಂಬಂಧಸೂಚಕ ಪದದ ನಂತರ ಬರುತ್ತದೆ. ಉದಾಹರಣೆಗೆ, ‘ಅ ಗರ್ಲ್ ಹೂ ಕ್ಯಾನ್ ಸ್ವಿಮ್’ (ಈಜಬಲ್ಲ ಹುಡುಗಿ). ನಾಮಪದವು ಉಪವಾಕ್ಯದ ಕರ್ಮವಾಗಿದ್ದರೆ ಮೊದಲು ಕರ್ತೃ, ಆಮೇಲೆ ಮೋಡಲ್ ಬರುತ್ತದೆ. ಉದಾಹರಣೆಗೆ, ‘ದ ಫಾರ್ಮ್ ದಟ್ ಯು ಮಸ್ಟ್ ಫಿಲ್’ (ನೀವು ತುಂಬಬೇಕಾದ ಅರ್ಜಿ ನಮೂನೆ). ಇಂತಹ ವಾಕ್ಯದಲ್ಲಿ ‘ದಟ್’ ಪದವನ್ನು ಬಿಡಬಹುದು. ಆದರೆ ಕ್ರಿಯಾಪದದ ನಂತರ ‘ಇಟ್’ ಎಂದು ಕರ್ಮವನ್ನು ಮತ್ತೆ ಹೇಳುವಂತಿಲ್ಲ. ‘ದ ಫಾರ್ಮ್ ದಟ್ ಯು ಮಸ್ಟ್ ಫಿಲ್ ಇಟ್’ ಎಂಬುದು ತಪ್ಪು.

ಪ್ರಶ್ನಾರ್ಥಕ ವಾಕ್ಯದಲ್ಲಿ ಮೋಡಲ್ ಕರ್ತೃವಿಗಿಂತ ಮೊದಲು ಬರುತ್ತದೆ. ಸಂಬಂಧಸೂಚಕ ಉಪವಾಕ್ಯದಲ್ಲಿ ‘ಹೂ’ ಅಥವಾ ‘ವಿಚ್’ ಇದ್ದರೂ ಅದು ಪ್ರಶ್ನೆಯಲ್ಲವಾದ್ದರಿಂದ ಈ ಸ್ಥಾನಪಲ್ಲಟ ನಡೆಯುವುದಿಲ್ಲ.

ಇಂಗ್ಲಿಷಿನಲ್ಲಿ ‘ದ ಮ್ಯಾನ್ ಸ್ಟ್ಯಾಂಡಿಂಗ್ ದೇರ್’ (ಅಲ್ಲಿ ನಿಂತಿರುವ ಮನುಷ್ಯ) ಎಂಬಂತೆ ಸಂಬಂಧಸೂಚಕ ಪದವಿಲ್ಲದ ಸಂಕ್ಷಿಪ್ತ ರೂಪವೂ ಇದೆ. ಮೋಡಲ್‌ಗಳಿಗೆ ‘ಇಂಗ್’ ರೂಪವಾಗಲಿ ಭೂತ ಕೃದಂತವಾಗಲಿ ಇಲ್ಲದಿರುವುದರಿಂದ ಅವು ಇಂತಹ ಸಂಕ್ಷಿಪ್ತ ರೂಪದಲ್ಲಿ ಬರಲಾರವು. ಅಲ್ಲಿ ‘ಟು’ ಸೇರಿದ ರೂಪವು ಮೋಡಲ್‌ನ ಅರ್ಥವನ್ನು ಹೊರುತ್ತದೆ. ‘ದ ಬುಕ್ ಟು ರೀಡ್’ ಎಂದರೆ ಸಂದರ್ಭಾನುಸಾರ ‘ಓದಬೇಕಾದ ಪುಸ್ತಕ’ ಅಥವಾ ‘ಓದಬಹುದಾದ ಪುಸ್ತಕ’.

ಕನ್ನಡದಲ್ಲಿ ಸಮಾನ ರಚನೆ

ಕನ್ನಡದಲ್ಲಿ ನಾಮಪದವನ್ನು ವಿಶೇಷಿಸುವ ಕ್ರಿಯಾರೂಪ ನಾಮಪದಕ್ಕಿಂತ ಮೊದಲು ಬರುತ್ತದೆ. ‘ಮಾಡುವ’, ‘ಮಾಡಿದ’, ‘ಮಾಡದ’ ಎಂಬ ಈ ರೂಪಗಳನ್ನು ಶಾಲಾ ವ್ಯಾಕರಣಗಳು ಕೃದಂತಗಳೆಂದು ಕರೆಯುತ್ತವೆ. ಫರ್ಡಿನಾಂಡ್ ಕಿಟೆಲ್ ಅವರು 1903ರಲ್ಲಿ ಪ್ರಕಟಿಸಿದ ಕನ್ನಡ ವ್ಯಾಕರಣದಲ್ಲಿಯೂ, ಎಸ್. ಎನ್. ಶ್ರೀಧರ್ ಅವರ 1990ರ ವರ್ಣನಾತ್ಮಕ ವ್ಯಾಕರಣದಲ್ಲಿಯೂ ಈ ರಚನೆಯ ವಿವರಣೆಯಿದೆ.

‘ಬೇಕು’ ಮತ್ತು ‘ಬಹುದು’ ಎಂಬ ಪದಗಳಿಗೆ ಇತರ ಧಾತುಗಳಂತೆ ತಮ್ಮದೇ ಕೃದಂತ ರೂಪಗಳಿಲ್ಲ. ಈ ದೃಷ್ಟಿಯಿಂದ ಅವೂ ಇಂಗ್ಲಿಷ್ ಮೋಡಲ್‌ಗಳಂತೆ ಅಪೂರ್ಣ ಕ್ರಿಯಾಪದಗಳೇ. ಆದರೆ ಎರಡು ಭಾಷೆಗಳು ಈ ಕೊರತೆಯನ್ನು ತುಂಬಿಕೊಳ್ಳುವ ಬಗೆ ಬೇರೆ. ಇಂಗ್ಲಿಷ್ ಉಪವಾಕ್ಯವನ್ನು ಪೂರ್ಣ ವಾಕ್ಯದಂತೆಯೇ ಉಳಿಸಿಕೊಂಡು ಮೋಡಲ್‌ಗೆ ಅಲ್ಲಿ ಸ್ಥಳ ಕೊಡುತ್ತದೆ. ಕನ್ನಡವು ‘ಆಗು’ ಧಾತುವಿನ ನೆರವು ಪಡೆದು ‘ಬೇಕಾದ’, ‘ಬೇಕಾಗುವ’, ‘ಬೇಕಾಗಿದ್ದ’, ‘ಬಹುದಾದ’ ಎಂಬ ರೂಪಗಳನ್ನು ಕಟ್ಟುತ್ತದೆ.

‘ಬಾರದು’ ಎಂಬುದಕ್ಕೆ ಈ ನೆರವು ಬೇಕಿಲ್ಲ. ಅದು ಮೂಲತಃ ‘ಬರು’ ಧಾತುವಿನ ನಿಷೇಧ ರೂಪವಾದ್ದರಿಂದ ‘ಬಾರದ’ ಎಂಬ ಕೃದಂತ ಸಿದ್ಧವಾಗಿಯೇ ಇದೆ. ‘ಬಲ್ಲ’ ಎಂಬುದು ‘ಓದಬಲ್ಲ ಹುಡುಗ’ ಎಂಬಂತೆ ನೇರವಾಗಿ ನಾಮಪದದ ಮುಂದೆ ನಿಲ್ಲುತ್ತದೆ. ‘ಮಳೆ ಬಂದೀತು’ ಎಂಬಲ್ಲಿರುವ ಸಂಭಾವನಾರ್ಥ ರೂಪಕ್ಕೆ ಮಾತ್ರ ಕೃದಂತವೇ ಇಲ್ಲ. ಅಲ್ಲಿ ‘ಬರಬಹುದಾದ ಮಳೆ’ ಎಂದೇ ಹೇಳಬೇಕಾಗುತ್ತದೆ.

‘ಯಾರು ಬರಬಲ್ಲರೋ ಅವರು ಬರಲಿ’ ಎಂಬಂತಹ ಜೋಡಿವಾಕ್ಯ ಕನ್ನಡದ ಇನ್ನೊಂದು ಸಂಬಂಧಸೂಚಕ ರಚನೆ. ಇದರಲ್ಲಿ ಕ್ರಿಯಾಪದ ಪೂರ್ಣರೂಪದಲ್ಲಿ ಉಳಿಯುವುದರಿಂದ ಇದು ಇಂಗ್ಲಿಷ್ ರಚನೆಗೆ ಹೆಚ್ಚು ಹತ್ತಿರವಾಗಿದೆ.

ಅರ್ಥವಾರು ಹೋಲಿಕೆ

ಕರ್ತವ್ಯ: ಇಂಗ್ಲಿಷಿನ ಮಸ್ಟ್, ಶುಡ್, ಹ್ಯಾವ್ ಟು ಮೂರಕ್ಕೂ ಕನ್ನಡದಲ್ಲಿ ಸಾಮಾನ್ಯವಾಗಿ ‘ಬೇಕಾದ’ ಎಂಬ ಒಂದೇ ರೂಪ ಬಳಕೆಯಾಗುತ್ತದೆ. ಮಸ್ಟ್ ಕಡ್ಡಾಯವನ್ನೂ ಶುಡ್ ಸಲಹೆಯನ್ನೂ ಸೂಚಿಸುತ್ತದೆ. ಕನ್ನಡದಲ್ಲಿ ಈ ಭೇದ ತೋರಿಸಲು ‘ಕಡ್ಡಾಯವಾಗಿ’, ‘ಸಾಧ್ಯವಾದರೆ’ ಮುಂತಾದ ಪದಗಳನ್ನು ಸೇರಿಸಬೇಕಾಗುತ್ತದೆ.

ಅನುಮತಿ ಮತ್ತು ಸಾಧ್ಯತೆ: ‘ಬುಕ್ಸ್ ದಟ್ ಸ್ಟೂಡೆಂಟ್ಸ್ ಮೇ ಟೇಕ್ ಹೋಮ್’ (ವಿದ್ಯಾರ್ಥಿಗಳು ಮನೆಗೆ ಒಯ್ಯಬಹುದಾದ ಪುಸ್ತಕಗಳು) ಎಂಬಲ್ಲಿ ಮೇ ಅನುಮತಿಯನ್ನು ಸೂಚಿಸುತ್ತದೆ. ‘ಅ ಬಸ್ ದಟ್ ಮೈಟ್ ಕಮ್ ಲೇಟ್’ (ತಡವಾಗಿ ಬರಬಹುದಾದ ಬಸ್ಸು) ಎಂಬಲ್ಲಿರುವುದು ಸಾಧ್ಯತೆ. ಎರಡಕ್ಕೂ ಕನ್ನಡದಲ್ಲಿ ‘ಬಹುದಾದ’ ಎಂಬುದೇ ರೂಪ.

ನಿಷೇಧ ಮತ್ತು ಅನಗತ್ಯತೆ: ‘ಟ್ಯಾಬ್ಲೆಟ್ಸ್ ದಟ್ ಯು ಮಸ್ಟ್ ನಾಟ್ ಟೇಕ್’ ಎಂದರೆ ತೆಗೆದುಕೊಳ್ಳಬಾರದ ಮಾತ್ರೆಗಳು. ‘ಟ್ಯಾಬ್ಲೆಟ್ಸ್ ದಟ್ ಯು ನೀಡ್ ನಾಟ್ ಟೇಕ್’ ಎಂದರೆ ತೆಗೆದುಕೊಳ್ಳಬೇಕಾಗಿಲ್ಲದ ಮಾತ್ರೆಗಳು. ಮೊದಲನೆಯದು ನಿಷೇಧ, ಎರಡನೆಯದರಲ್ಲಿ ಅಗತ್ಯವಿಲ್ಲವೆಂಬ ಅರ್ಥ ಮಾತ್ರ ಇದೆ. ಮಸ್ಟ್ ಎಂದರೆ ‘ಬೇಕು’ ಎಂದಷ್ಟೇ ಕಲಿತವರು ಮಸ್ಟ್ ನಾಟ್ ಎಂಬುದನ್ನು ‘ಬೇಕಾಗಿಲ್ಲ’ ಎಂದು ಓದಿದರೆ ಅರ್ಥ ತಪ್ಪುತ್ತದೆ.

ಅಸಾಮರ್ಥ್ಯ: ‘ಅ ಲೋಡ್ ದಟ್ ವಿ ಕೆನಾಟ್ ಲಿಫ್ಟ್’ ಎಂಬುದಕ್ಕೆ ‘ನಮ್ಮಿಂದ ಎತ್ತಲಾಗದ ಹೊರೆ’ ಎಂಬುದು ಸಮಾನ.

ಕಾಲದ ಸೂಚನೆ

‘ಬೇಕಾದ’ ಎಂಬುದು ರೂಪದಲ್ಲಿ ಭೂತ ಕೃದಂತವಾದರೂ ಅರ್ಥದಲ್ಲಿ ಭೂತಕಾಲಕ್ಕೆ ಸೀಮಿತವಲ್ಲ. ಚಾಮರಾಜನಗರ ಜಿಲ್ಲೆಯ ಅಗರ ಗ್ರಾಮವನ್ನು ಹೆಸರಿಸುವ ಈ ಪದಪುಂಜವನ್ನು ಗಮನಿಸಬಹುದು: ‘ಅಗರದಿಂದ ಯಳಂದೂರಿಗೆ ಹೋಗಬೇಕಾದ ವಿದ್ಯಾರ್ಥಿಗಳು’. ಇವರು ಇನ್ನು ಮುಂದೆ ಹೋಗಬೇಕಾದವರೋ, ದಿನವೂ ಹೋಗುವವರೋ, ನಿನ್ನೆ ಹೋಗಬೇಕಾಗಿದ್ದು ಹೋಗದವರೋ ಎಂಬುದು ಈ ಪದಗಳಿಂದಲೇ ತಿಳಿಯುವುದಿಲ್ಲ.

ಇಂಗ್ಲಿಷ್ ಇಲ್ಲಿ ಒಂದನ್ನು ಆರಿಸಲೇಬೇಕು. ಮುಂದೆ ಹೋಗಬೇಕಾದವರಿಗೆ ‘ಹೂ ಮಸ್ಟ್ ಗೋ’ ಅಥವಾ ‘ಹೂ ಹ್ಯಾವ್ ಟು ಗೋ’ ಎನ್ನಬೇಕು. ಹಿಂದೆ ಅನಿವಾರ್ಯವಾಗಿ ಹೋದವರಿಗೆ ‘ಹೂ ಹ್ಯಾಡ್ ಟು ಗೋ’, ಹೋಗಬೇಕಾಗಿದ್ದೂ ಹೋಗದವರಿಗೆ ‘ಹೂ ಶುಡ್ ಹ್ಯಾವ್ ಗಾನ್’ ಎನ್ನಬೇಕು. ‘ಹೂ ಮಸ್ಟ್ ಹ್ಯಾವ್ ಗಾನ್’ ಎಂದರೆ ‘ಹೋಗಿರಲೇಬೇಕು’ ಎಂಬ ಊಹೆಯೇ ಹೊರತು ಹಿಂದಿನ ಕರ್ತವ್ಯವಲ್ಲ. ಕನ್ನಡದಲ್ಲಿ ‘ಹೋಗಬೇಕಾಗಿದ್ದ’ ಅಥವಾ ‘ಹೋಗಬೇಕಿದ್ದ’ ಎಂಬ ರೂಪ ಭೂತಕಾಲವನ್ನು ಸ್ಪಷ್ಟಪಡಿಸುತ್ತದೆ.

ಕರ್ತೃ ಮತ್ತು ಕರ್ಮದ ಸಂದಿಗ್ಧತೆ

ಕನ್ನಡದ ಕೃದಂತವು ತಾನು ವಿಶೇಷಿಸುವ ನಾಮಪದ ಕರ್ತೃವೋ ಕರ್ಮವೋ ಎಂಬುದನ್ನು ಸೂಚಿಸುವುದಿಲ್ಲ. ‘ಮದುವೆಗೆ ಕರೆಯಬೇಕಾದ ಜನ’ ಎಂದರೆ ಇತರರನ್ನು ಕರೆಯುವ ಹೊಣೆಯಿರುವ ಜನರೂ ಆಗಬಹುದು, ಆಹ್ವಾನ ಪಡೆಯಬೇಕಾದ ಜನರೂ ಆಗಬಹುದು. ಇಂಗ್ಲಿಷಿನಲ್ಲಿ ಮೊದಲನೆಯದು ‘ಪೀಪಲ್ ಹೂ ಮಸ್ಟ್ ಇನ್ವೈಟ್’, ಎರಡನೆಯದು ‘ಪೀಪಲ್ ಹೂ ಮಸ್ಟ್ ಬಿ ಇನ್ವೈಟೆಡ್’ ಅಥವಾ ‘ಪೀಪಲ್ ಹೂಮ್ ವಿ ಮಸ್ಟ್ ಇನ್ವೈಟ್’ ಆಗುತ್ತದೆ. ಆದ್ದರಿಂದ ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸುವಾಗ ಕ್ರಿಯೆ ಮಾಡುವವರು ಯಾರೆಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕಾಗುತ್ತದೆ.

ಕಾನೂನು ಮತ್ತು ಆಡಳಿತದಲ್ಲಿ

ಕಾನೂನು, ಅರ್ಜಿ ಮತ್ತು ಸೂಚನಾಪತ್ರಗಳಲ್ಲಿ ಉಪವಾಕ್ಯದೊಳಗಿನ ಮೋಡಲ್ ಹಕ್ಕು ಮತ್ತು ಹೊಣೆಗಳನ್ನು ನಿರ್ಧರಿಸುತ್ತದೆ. ಭಾರತ ಸಂವಿಧಾನದ 21ಎ ವಿಧಿ ಇದಕ್ಕೆ ಒಂದು ಉದಾಹರಣೆ. 2002ರ 86ನೇ ತಿದ್ದುಪಡಿಯ ಮೂಲಕ ಸೇರಿದ ಈ ವಿಧಿಯು 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಒದಗಿಸುವ ಕುರಿತಾದದ್ದು. ಇಂಗ್ಲಿಷ್ ಪಾಠದಲ್ಲಿ ಶಿಕ್ಷಣ ಒದಗಿಸುವ ಕರ್ತವ್ಯವನ್ನು ಮುಖ್ಯ ವಾಕ್ಯದ ಶ್ಯಾಲ್ ಹೇಳುತ್ತದೆ. ಯಾವ ರೀತಿಯಲ್ಲಿ ಎಂಬುದನ್ನು ಕಾನೂನಿನ ಮೂಲಕ ನಿರ್ಧರಿಸುವ ವಿವೇಚನೆಯನ್ನು ಉಪವಾಕ್ಯದ ಮೇ ಪ್ರಭುತ್ವಕ್ಕೆ ಕೊಡುತ್ತದೆ. ಈ ಮೇ ಪದವನ್ನು ಮುಖ್ಯ ವಾಕ್ಯಕ್ಕೆ ಅನ್ವಯಿಸಿದರೆ, ಶಿಕ್ಷಣ ಒದಗಿಸುವುದೇ ಐಚ್ಛಿಕವೆಂಬ ತಪ್ಪು ಅರ್ಥ ಬರುತ್ತದೆ.

ದಿನಬಳಕೆಯ ಅರ್ಜಿಗಳಲ್ಲಿಯೂ ಇದೇ ಎಚ್ಚರಿಕೆ ಅಗತ್ಯ. ‘ಲಗತ್ತಿಸಬೇಕಾದ ದಾಖಲೆಗಳು’ ಇಲ್ಲದಿದ್ದರೆ ಅರ್ಜಿ ತಿರಸ್ಕೃತವಾಗಬಹುದು. ‘ಲಗತ್ತಿಸಬಹುದಾದ ದಾಖಲೆಗಳು’ ಇಲ್ಲದಿದ್ದರೂ ಅರ್ಜಿ ಊರ್ಜಿತವಾಗಿರುತ್ತದೆ. ಇಂಗ್ಲಿಷ್ ನಮೂನೆಯಲ್ಲಿ ಈ ವ್ಯತ್ಯಾಸವನ್ನು ಮಸ್ಟ್ ಮತ್ತು ಮೇ ಎಂಬ ಒಂದೊಂದೇ ಪದ ಸೂಚಿಸುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಅರ್ಜಿದಾರರು ಇಂತಹ ವಾಕ್ಯಗಳಲ್ಲಿ ಮೊದಲು ಮೋಡಲ್ ಪದವನ್ನೂ, ಅದರೊಡನೆ ‘ನಾಟ್’ ಇದೆಯೇ ಎಂಬುದನ್ನೂ, ಉಪವಾಕ್ಯ ಯಾವ ನಾಮಪದಕ್ಕೆ ಸಂಬಂಧಿಸಿದೆ ಎಂಬುದನ್ನೂ ಗುರುತಿಸಿಕೊಂಡರೆ ಅರ್ಥ ಸ್ಪಷ್ಟವಾಗುತ್ತದೆ.