ಅಪ್ಪಂದಿರ ಹಕ್ಕಿಗಾಗಿ ಹುಟ್ಟಿದ ಪಕ್ಷ ಒಂದೂ ಸೀಟು ಗೆಲ್ಲಲಿಲ್ಲ. ಆದರೂ ಆಸ್ಟ್ರೇಲಿಯಾದ ಕಾನೂನು ಬದಲಾಗಿದ್ದು ಹೇಗೆ?

ವಿಚ್ಛೇದನದ ನಂತರ ಮಗು ಯಾರ ಬಳಿ ಇರಬೇಕು? ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲೇರುವ ಅಪ್ಪ-ಅಮ್ಮಂದಿರನ್ನು ಹೆಚ್ಚು ಕಾಡುವ ಪ್ರಶ್ನೆ ಇದು. ಆಸ್ಟ್ರೇಲಿಯಾದಲ್ಲಿ ಈ ಪ್ರಶ್ನೆ ಕೋರ್ಟ್ ದಾಟಿ ಮತಗಟ್ಟೆಗೂ ಬಂತು. ಮಕ್ಕಳಿಂದ ದೂರವಾದ ಪೋಷಕರ ಹೆಸರಿನಲ್ಲೇ ಒಂದು ಪಕ್ಷ ಹುಟ್ಟಿ ಚುನಾವಣೆಗೆ ನಿಂತಿತು. ಅದು ಗೆಲ್ಲಲಿಲ್ಲ. ಆದರೂ 2006ರಲ್ಲಿ ಕಾನೂನು ಬದಲಾಯಿತು. 2023ರಲ್ಲಿ ಅದೇ ಕಾನೂನಿನ ಮುಖ್ಯ ಅಂಶವನ್ನು ಸಂಸತ್ತು ತೆಗೆದುಹಾಕಿತು. ಇದರ ಹಿಂದಿನ ರಾಜಕೀಯ ಏನು? ಇಲ್ಲಿದೆ ವಿವರ.

ಅಸಮಾಧಾನ ಶುರುವಾಗಿದ್ದೆಲ್ಲಿ?

1975ರ ಫ್ಯಾಮಿಲಿ ಲಾ ಆ್ಯಕ್ಟ್ ಬಂದ ಮೇಲೆ, ತಪ್ಪು ಗಂಡನದ್ದೋ ಹೆಂಡತಿಯದ್ದೋ ಎಂದು ಸಾಬೀತುಪಡಿಸದೆಯೇ ಅಲ್ಲಿ ವಿಚ್ಛೇದನ ಪಡೆಯಬಹುದಾಯಿತು. 1988ರಲ್ಲಿ ಮಕ್ಕಳ ಜೀವನಾಂಶ ವಸೂಲಿಗೆ ಸರ್ಕಾರವೇ ವ್ಯವಸ್ಥೆ ಮಾಡಿತು. ಬಹುತೇಕ ಮಕ್ಕಳು ತಾಯಿಯ ಬಳಿ ಉಳಿಯುತ್ತಿದ್ದರಿಂದ ಹಣ ಕಟ್ಟುವವರಲ್ಲಿ ಅಪ್ಪಂದಿರೇ ಹೆಚ್ಚು. ಜೀವನಾಂಶ ಕೊಡುವ ಹೊಣೆ ಇದೆ, ಮಗುವಿನ ಜೊತೆ ಕಳೆಯಲು ಸಮಯ ಮಾತ್ರ ಸಿಗುತ್ತಿಲ್ಲ ಎಂಬುದು ಅವರ ದೂರಾಗಿತ್ತು. ಮಹಿಳಾ ಸಂಘಟನೆಗಳ ಆತಂಕ ಬೇರೆ ಇತ್ತು. ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ತಾಯಿ ಮತ್ತು ಮಕ್ಕಳನ್ನು ಸಮಾನ ಹಂಚಿಕೆಯ ಹೆಸರಿನಲ್ಲಿ ಮತ್ತೆ ಅದೇ ವ್ಯಕ್ತಿಯ ಕೈಗೆ ಒಪ್ಪಿಸಿದಂತಾಗುತ್ತದೆ ಎಂದು ಅವು ವಾದಿಸಿದವು.

ಪಕ್ಷ ಯಾಕೆ ಗೆಲ್ಲಲಿಲ್ಲ?

1990ರ ದಶಕದ ಕೊನೆಗೆ ನಾನ್-ಕಸ್ಟೋಡಿಯಲ್ ಪೇರೆಂಟ್ಸ್ ಪಾರ್ಟಿ ನೋಂದಣಿಯಾಯಿತು. ಆದರೆ ಸಾಮಾನ್ಯ ಸೆನೆಟ್ ಚುನಾವಣೆಯಲ್ಲಿ ಒಂದು ಸ್ಥಾನ ಗೆಲ್ಲಲು ಆಯಾ ರಾಜ್ಯದ ಸುಮಾರು ಶೇ 14.3ರಷ್ಟು ಮತ ಬೇಕು. ಒಂದೇ ವಿಷಯ ಹಿಡಿದು ನಿಲ್ಲುವ ಪಕ್ಷಕ್ಕೆ ಇದು ದೂರದ ಮಾತು.

ಹಾಗೆಂದು ಸಣ್ಣ ಪಕ್ಷದ ಮತ ಪೂರ್ತಿ ವ್ಯರ್ಥವಾಗುವುದಿಲ್ಲ. ಅಲ್ಲಿ ಮತದಾನ ಕಡ್ಡಾಯ. ಮತದಾರ 1, 2, 3 ಎಂದು ಆದ್ಯತೆ ಗುರುತಿಸುತ್ತಾನೆ. ಮೊದಲ ಆಯ್ಕೆಯ ಅಭ್ಯರ್ಥಿ ಹೊರಬಿದ್ದರೆ ಆ ಮತ ಮುಂದಿನ ಆಯ್ಕೆಗೆ ಹೋಗುತ್ತದೆ. ಜೊತೆಗೆ, ಜೀವನಾಂಶ ಮತ್ತು ಕೌಟುಂಬಿಕ ಕೋರ್ಟ್ ಬಗ್ಗೆ ದೂರು ಹಿಡಿದು ಸಂಸದರ ಕಚೇರಿಗೆ ಬರುವ ಮತದಾರರೂ ಇದ್ದರು. ಹೀಗಾಗಿ ದೊಡ್ಡ ಪಕ್ಷಗಳಿಗೆ ಈ ವಿಷಯವನ್ನು ಕಡೆಗಣಿಸಲು ಆಗಲಿಲ್ಲ.

2006ರಲ್ಲಿ ಏನಾಯಿತು?

2003ರಲ್ಲಿ ಪ್ರಧಾನಿ ಜಾನ್ ಹೋವರ್ಡ್ ಸರ್ಕಾರ ಸಂಸದೀಯ ಸಮಿತಿಯ ಮುಂದೆ ಒಂದು ಪ್ರಶ್ನೆ ಇಟ್ಟಿತು. ಬೇರೆಯಾದ ತಂದೆ-ತಾಯಿ ಜೊತೆ ಮಗು ಸಮಾನ ಸಮಯ ಕಳೆಯಬೇಕು ಎಂಬುದನ್ನೇ ಸಾಮಾನ್ಯ ನಿಯಮ ಮಾಡಬಹುದೇ? ಎಲ್ಲರಿಗೂ ಒಂದೇ ಅಳತೆ ಸರಿಯಲ್ಲ ಎಂದ ಸಮಿತಿ, ಸಮಯದ ಬದಲು ಜವಾಬ್ದಾರಿಯನ್ನು ಸಮಾನವಾಗಿ ಹಂಚಲು ಶಿಫಾರಸು ಮಾಡಿತು. 2006ರ ತಿದ್ದುಪಡಿ ಅದನ್ನು ಅನುಸರಿಸಿತು. ಶಾಲೆ, ಚಿಕಿತ್ಸೆಯಂಥ ದೊಡ್ಡ ನಿರ್ಧಾರಗಳಲ್ಲಿ ಇಬ್ಬರಿಗೂ ಸಮಾನ ಹೊಣೆ ಇರುವುದೇ ಮಗುವಿಗೆ ಒಳ್ಳೆಯದು ಎಂದು ಕೋರ್ಟ್ ಭಾವಿಸಬೇಕಿತ್ತು. ದೌರ್ಜನ್ಯದ ಪ್ರಕರಣಗಳಿಗೆ ಇದು ಅನ್ವಯವಾಗುತ್ತಿರಲಿಲ್ಲ.

ಎಡವಟ್ಟಾಗಿದ್ದು ಇಲ್ಲೇ. ಸಮಾನ ಜವಾಬ್ದಾರಿ ಎಂದರೆ ವಾರದಲ್ಲಿ ಅರ್ಧ ದಿನ ಮಗು ತಮ್ಮದೇ ಎಂದು ಅನೇಕ ಪೋಷಕರು ತಿಳಿದುಕೊಂಡರು. ತಮಗೆ ಬೇರೆ ದಾರಿಯೇ ಇಲ್ಲ ಎಂದುಕೊಂಡ ಕೆಲವರು ಸುರಕ್ಷಿತವಲ್ಲದ ಒಪ್ಪಂದಕ್ಕೂ ತಲೆಯಾಡಿಸುತ್ತಾರೆ ಎಂಬ ಟೀಕೆ ಬಂತು. 2011ರ ತಿದ್ದುಪಡಿ ಮಗುವಿನ ಸುರಕ್ಷತೆಗೆ ಹೆಚ್ಚಿನ ತೂಕ ಕೊಟ್ಟಿತು.

ಮತ್ತೆ ತಿರುವು

2019ರಲ್ಲಿ ಕೇವಲ 2 ಸೆನೆಟರ್‌ಗಳಿದ್ದ ಒನ್ ನೇಷನ್ ಪಕ್ಷದ ನಾಯಕಿ ಪಾಲಿನ್ ಹ್ಯಾನ್ಸನ್ ಹೊಸ ವಿಚಾರಣಾ ಸಮಿತಿಗೆ ಒತ್ತಾಯಿಸಿದರು. ಸರ್ಕಾರ ಒಪ್ಪಿತು, ಅವರನ್ನೇ ಉಪಾಧ್ಯಕ್ಷೆಯನ್ನಾಗಿ ಮಾಡಿತು. ಕೆಲವು ಮಹಿಳೆಯರು ಸುಳ್ಳು ಆರೋಪ ಹೊರಿಸುತ್ತಾರೆ ಎಂಬ ಅವರ ಹೇಳಿಕೆ ತೀವ್ರ ಟೀಕೆಗೆ ಗುರಿಯಾಯಿತು. ನಂತರ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರ ಸಮಾನ ಜವಾಬ್ದಾರಿಯ ಆ ಪೂರ್ವಭಾವನೆಯನ್ನೇ ರದ್ದು ಮಾಡಿತು. ಹೊಸ ನಿಯಮ 2024ರ ಮೇ 6ರಿಂದ ಜಾರಿಯಲ್ಲಿದೆ. ಈಗಲೂ ಸಮಾನ ಸಮಯಕ್ಕೆ ತಡೆಯಿಲ್ಲ, ಆದರೆ ಮಗುವಿಗೆ ಯಾವುದು ಒಳ್ಳೆಯದು ಎಂದು ನೋಡಿಯೇ ಕೋರ್ಟ್ ತೀರ್ಮಾನಿಸುತ್ತದೆ. ಅಲ್ಲಿ ನೆಲೆಸಿರುವ ಭಾರತೀಯ ಕುಟುಂಬಗಳಿಗೂ ಇದೇ ಕಾನೂನು.

ಭಾರತದಲ್ಲಿ ಹೇಗಿದೆ?

1956ರ ಹಿಂದೂ ಅಪ್ರಾಪ್ತರ ಕಾಯ್ದೆ ಪ್ರಕಾರ ತಂದೆಯೇ ಮೊದಲ ಸಹಜ ಪಾಲಕ. ಆದರೆ 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಸುಪರ್ದಿಯಲ್ಲಿರುತ್ತದೆ. ಜಂಟಿ ಪಾಲನೆಗೆ ಕಾನೂನಿನಲ್ಲಿ ಅವಕಾಶ ಕೊಡಿ ಎಂದು ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಹೇಳಿತ್ತು. ಪುರುಷರ ಹಕ್ಕಿನ ಹೆಸರಿನಲ್ಲಿ ಲಕ್ನೋದಲ್ಲಿ ಮೇರಾ ಅಧಿಕಾರ್ ರಾಷ್ಟ್ರೀಯ ದಳ, ಅಂದರೆ 'ಮರ್ದ್' ಪಕ್ಷ, 2019ರ ಲೋಕಸಭಾ ಚುನಾವಣೆಗೂ ನಿಂತಿತ್ತು.

ಚುನಾವಣೆಗೆ ನಿಂತರೆ ಅಪ್ಪಂದಿರ ದನಿ ಸಂಸತ್ತಿಗೆ ಕೇಳಬಹುದು ಎಂಬುದಕ್ಕೆ ಆಸ್ಟ್ರೇಲಿಯಾ ಸಾಕ್ಷಿ. ಆದರೆ ಮತದ ಲೆಕ್ಕದಲ್ಲಿ ಬಂದ ಕಾನೂನು ಸರ್ಕಾರ ಬದಲಾದರೆ ಹೋಗಲೂಬಹುದು. ಅಷ್ಟರಲ್ಲಿ ಬೆಳೆದು ದೊಡ್ಡವರಾಗುವ ಮಕ್ಕಳಿಗೆ ಮತದಾನದ ಹಕ್ಕಿಲ್ಲ.